ಶೋಲಾಕಿಳಿ: ಮಂಜಿನ ಕಾಡಿನ ನಾಚಿಕೆ ಹಕ್ಕಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಬ್ರಹ್ಮಗಿರಿ, ಊಟಿ ಸುತ್ತಿ ಬಂದವರು ಲೆಕ್ಕವಿಲ್ಲದಷ್ಟು ಜನ. ಅಲ್ಲಿ ಶೋಲಾಕಿಳಿ ನೋಡಿದೆ ಅನ್ನುವವರು ಬೆರಳೆಣಿಕೆ. ದಾರಿಯಿಂದ ಹತ್ತು ಹೆಜ್ಜೆ ಒಳಗೇ ಅದು ಇರಬಹುದು, ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ಚಾರಣಕ್ಕೆ ಹೋಗುವವರು, ಹೊಸದಾಗಿ ಹಕ್ಕಿ ನೋಡಲು ಶುರು ಮಾಡಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಯಾಕೆಂದರೆ ಆ ವಿಷಯಗಳೇ ಹಾಗಿವೆ.

ಶೋಲಾಕಿಳಿ ಅಂದರೆ ಯಾವ ಹಕ್ಕಿ?

ಪಶ್ಚಿಮ ಘಟ್ಟದ ಎತ್ತರದ ಶೋಲಾ ಕಾಡುಗಳಲ್ಲಿ, ನೆಲದ ಹತ್ತಿರವೇ ಬದುಕುವ ನೀಲಿ ಬಣ್ಣದ ಚಿಕ್ಕ ಹಕ್ಕಿ. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಹಿಮಾಲಯದಲ್ಲಿಲ್ಲ, ಶ್ರೀಲಂಕಾದಲ್ಲಿಲ್ಲ, ನಮ್ಮ ಘಟ್ಟದ ಕೆಳಗಿನ ಕಾಡಿನಲ್ಲೂ ಇಲ್ಲ. ಇದರಲ್ಲಿ ಮೂರು ಜಾತಿಗಳಿವೆ. ಕರ್ನಾಟಕದಲ್ಲಿ ಸಿಗುವುದು ನೀಲಗಿರಿ ಶೋಲಾಕಿಳಿ, ವೈಜ್ಞಾನಿಕ ಹೆಸರು ಶೋಲಿಕೋಲಾ ಮೇಜರ್.

ನೋಡಲು ಹೇಗಿರುತ್ತದೆ? ಗುರುತು ಹಿಡಿಯುವುದು ಹೇಗೆ?

ಉದ್ದ ಸುಮಾರು 15 ಸೆಂಟಿಮೀಟರ್, ಅಂದರೆ ಗುಬ್ಬಚ್ಚಿಯಷ್ಟು. ಆದರೆ ಕಾಲು ಉದ್ದ, ಬಾಲ ಗಿಡ್ಡ, ರೆಕ್ಕೆಯೂ ಗಿಡ್ಡ. ಮೈ ದುಂಡಗೆ, ನೆಟ್ಟಗೆ ನಿಲ್ಲುತ್ತದೆ. ತಲೆ, ಬೆನ್ನು, ಎದೆ ಎಲ್ಲ ಬೂದಿ ಕಲೆತ ಕಡುನೀಲಿ. ನೀಲಗಿರಿ ಶೋಲಾಕಿಳಿಗೆ ಹೊಟ್ಟೆಯ ನಡುಭಾಗ ಬಿಳಿ, ಎರಡೂ ಪಕ್ಕೆ ಕೆಂಪುಗಂದು. ದಕ್ಷಿಣದ ಬಿಳಿಹೊಟ್ಟೆಯ ಶೋಲಾಕಿಳಿಯ ಪಕ್ಕೆಯಲ್ಲಿ ಈ ಕೆಂಪುಗಂದು ಇಲ್ಲ. ಅದರ ಹಣೆಯ ಮೇಲಿನ ಬಿಳಿ ಹುಬ್ಬು ಜಾಸ್ತಿ ಎದ್ದು ಕಾಣುತ್ತದೆ. ಗಂಡು ಹೆಣ್ಣು ಹೆಚ್ಚುಕಡಿಮೆ ಒಂದೇ ಥರ.

ಪುಸ್ತಕದ ಚಿತ್ರ ನೋಡಿ ಹೊಳೆಯುವ ನೀಲಿ ಹುಡುಕಬೇಡಿ. ಶೋಲಾದ ಒಳಗೆ ಹಗಲು ಹತ್ತು ಗಂಟೆಗೂ ಮಬ್ಬು ಬೆಳಕು. ಆ ಬೆಳಕಿನಲ್ಲಿ ಈ ನೀಲಿ ಕಪ್ಪಾಗಿ ಕಾಣುತ್ತದೆ. ಮೊದಲು ಗೊತ್ತಾಗುವುದು ಬಣ್ಣ ಅಲ್ಲ, ಚಲನೆ. ತರಗೆಲೆಯ ಮೇಲೆ ಎರಡು ಮೂರು ಸಲ ಕುಪ್ಪಳಿಸುತ್ತದೆ, ಗಕ್ಕನೆ ನಿಲ್ಲುತ್ತದೆ, ತಲೆ ಓರೆ ಮಾಡಿ ನೆಲ ನೋಡುತ್ತದೆ, ಏನೋ ಹೆಕ್ಕುತ್ತದೆ, ಮತ್ತೆ ಕುಪ್ಪಳಿಸುತ್ತದೆ. ಇಷ್ಟು ಕಂಡರೆ ಅದರ ಮೇಲಿಂದ ಕಣ್ಣು ತೆಗೆಯಬೇಡಿ.

ಶೋಲಾ ಕಾಡು ಅಂದರೆ ಏನು? ಮಾಮೂಲಿ ಮಳೆಕಾಡಿಗೂ ಅದಕ್ಕೂ ಏನು ವ್ಯತ್ಯಾಸ?

ಘಟ್ಟದ ಕೆಳಗಿನ ಮಳೆಕಾಡಿನಲ್ಲಿ ಮರಗಳು ಮುಗಿಲಿಗೆ ಹೋಗುತ್ತವೆ. ಮೇಲೆ ಹೋದಂತೆ ಮರ ಗಿಡ್ಡವಾಗುತ್ತದೆ, ಕೊಂಬೆ ತಿರುಚಿಕೊಳ್ಳುತ್ತದೆ, ಎಲೆ ಚಿಕ್ಕದಾಗುತ್ತದೆ. ಗಾಳಿ, ಚಳಿ, ತೆಳ್ಳನೆ ಮಣ್ಣು ಇದಕ್ಕೆ ಕಾರಣ. ಬೆಟ್ಟದ ಬೆನ್ನು ಪೂರ್ತಿ ಹುಲ್ಲು. ಎರಡು ಬೆನ್ನುಗಳ ನಡುವಿನ ಮಡಿಕೆಯಲ್ಲಿ, ನೀರು ಹರಿಯುವ ಕಡೆ ಮಾತ್ರ ದಟ್ಟ ಕಾಡು. ಅದೇ ಶೋಲಾ. ದೂರದಿಂದ ನೋಡಿದರೆ ಯಾರೋ ಗೆರೆ ಎಳೆದು ಬಿಟ್ಟಂತೆ ಹುಲ್ಲು ಮುಗಿದಲ್ಲಿ ಕಾಡು ಶುರುವಾಗುತ್ತದೆ.

ವರ್ಷದ ಬಹುಪಾಲು ಮಂಜು ಈ ಕಾಡಿನೊಳಗೇ ಹಾದುಹೋಗುತ್ತದೆ. ಮಳೆ ಇಲ್ಲದ ದಿನವೂ ಎಲೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಕಾಂಡಕ್ಕೆಲ್ಲ ಪಾಚಿ, ಕಲ್ಲುಹೂವು, ಜರಿಗಿಡ, ಸೀತಾಳೆ. ನೆಲದಲ್ಲಿ ಒಂದರ ಮೇಲೊಂದು ಬಿದ್ದ ಒದ್ದೆ ತರಗೆಲೆ, ಅದರಡಿ ಹುಳುಗಳ ಲೋಕ. ಕೆಳಮಟ್ಟದಲ್ಲಿ ಕುರಿಂಜಿ ಜಾತಿಯ ಪೊದೆಗಳು ಒತ್ತೊತ್ತಾಗಿ ಬೆಳೆದಿರುತ್ತವೆ. ಶೋಲಾಕಿಳಿಗೆ ಬೇಕಾದದ್ದೆಲ್ಲ ಇಲ್ಲೇ ಇದೆ.

ಕರ್ನಾಟಕದಲ್ಲಿ ಎಲ್ಲಿ ಸಿಗುತ್ತದೆ?

ಚಿಕ್ಕಮಗಳೂರಿನ ಬಾಬಾಬುಡನ್ ಬೆಟ್ಟಸಾಲು ಮತ್ತು ಕೊಡಗಿನ ಬ್ರಹ್ಮಗಿರಿ ಕಡೆ. ಬಾಬಾಬುಡನ್ ಸಾಲೇ ಇದರ ಉತ್ತರದ ತುದಿ. ರಾಜ್ಯದ ಹೊರಗೆ ನೀಲಗಿರಿ ಬೆಟ್ಟಗಳಲ್ಲಿ, ವಯನಾಡಿನ ಎತ್ತರದ ಬೆಟ್ಟಗಳಲ್ಲಿದೆ. ಇವೆಲ್ಲ ಪಾಲಕ್ಕಾಡು ಕಣಿವೆಗಿಂತ ಉತ್ತರಕ್ಕಿರುವ ಜಾಗಗಳು.

ಎಲ್ಲ ಒಂದೇ ನೀಲಿ ಹಕ್ಕಿ ಥರ ಕಾಣುತ್ತದೆ. ಮೂರು ಜಾತಿ ಆದದ್ದು ಹೇಗೆ?

ನನಗೆ ಈ ಹಕ್ಕಿಯ ಬಗ್ಗೆ ಅತಿ ಇಷ್ಟವಾದ ಪ್ರಶ್ನೆ ಇದು. ಉತ್ತರ ಹಕ್ಕಿಯಲ್ಲಿಲ್ಲ, ಬೆಟ್ಟದಲ್ಲಿದೆ.

ಪಶ್ಚಿಮ ಘಟ್ಟ ಒಂದೇ ಗೋಡೆ ಅಂತ ನಾವು ನಕ್ಷೆ ನೋಡಿ ಅಂದುಕೊಳ್ಳುತ್ತೇವೆ. ಹಾಗಿಲ್ಲ. ನೀಲಗಿರಿಗೂ ಆನೆಮಲೆಗೂ ನಡುವೆ ಪಾಲಕ್ಕಾಡು ಕಣಿವೆ ಇದೆ. ಸುಮಾರು 30 ಕಿಲೋಮೀಟರ್ ಅಗಲದ ದೊಡ್ಡ ಬಾಯಿ ಅದು, ನೆಲ ಸಮುದ್ರಮಟ್ಟಕ್ಕಿಂತ ನೂರೈವತ್ತು ಮೀಟರ್ ಮೇಲಿದ್ದರೆ ಹೆಚ್ಚು. ಇನ್ನೂ ದಕ್ಷಿಣಕ್ಕೆ ಹೋದರೆ ಸೆಂಗೋಟೈ ಕಣಿವೆ, ಇದಕ್ಕಿಂತ ಕಿರಿದು. ಚಳಿ, ಮಬ್ಬು, ತೇವಕ್ಕೆ ಹೊಂದಿಕೊಂಡ, ಗಿಡ್ಡ ರೆಕ್ಕೆಯ ಹಕ್ಕಿಗೆ ಇಂಥ ಬಿಸಿ ಬಯಲು ದಾಟುವುದು ಸಮುದ್ರ ದಾಟಿದ ಹಾಗೆ. ಅದಕ್ಕೇ ವಿಜ್ಞಾನಿಗಳು ಈ ಶಿಖರಗಳನ್ನು ಆಕಾಶ ದ್ವೀಪಗಳು ಅನ್ನುತ್ತಾರೆ.

ಈ ದ್ವೀಪಗಳ ಮೇಲೆ ಹಕ್ಕಿಗಳು ಹತ್ತಾರು ಲಕ್ಷ ವರ್ಷ ಬೇರೆ ಬೇರೆಯಾಗಿ ಉಳಿದವು. ಪಾಲಕ್ಕಾಡಿನ ಉತ್ತರಕ್ಕೆ ನೀಲಗಿರಿ ಶೋಲಾಕಿಳಿ. ಪಾಲಕ್ಕಾಡಿಗೂ ಸೆಂಗೋಟೈಗೂ ನಡುವೆ, ಆನೆಮಲೆ ಮತ್ತು ಪಳನಿ ಬೆಟ್ಟಗಳಲ್ಲಿ, ಬಿಳಿಹೊಟ್ಟೆಯ ಶೋಲಾಕಿಳಿ. ಸೆಂಗೋಟೈ ದಕ್ಷಿಣಕ್ಕೆ, ಅಗಸ್ತ್ಯಮಲೆ ಇರುವ ಅಶಂಬು ಬೆಟ್ಟಗಳಲ್ಲಿ, ಅಶಂಬು ಶೋಲಾಕಿಳಿ.

ಮೊದಲ ಎರಡನ್ನು ಹತ್ತೊಂಬತ್ತನೇ ಶತಮಾನದಲ್ಲೇ ವಿವರಿಸಿದ್ದರು. ನೀಲಗಿರಿಯದನ್ನು ಮದ್ರಾಸ್ ಸೇನೆಯ ವೈದ್ಯ ಜೆರ್ಡನ್ 1840ರ ದಶಕದಲ್ಲಿ, ಪಳನಿ ಬೆಟ್ಟದ್ದನ್ನು ಭೂವಿಜ್ಞಾನಿ ಬ್ಲ್ಯಾನ್‌ಫರ್ಡ್ 1860ರ ದಶಕದಲ್ಲಿ. ಮೂರನೆಯದು ತೀರಾ ಹೊಸದು. ವಿ. ವಿ. ರಾಬಿನ್, ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್ ಮತ್ತು ಜೊತೆಗಾರರು ಅನೇಕ ಶಿಖರಗಳ ಹಕ್ಕಿಗಳ ಡಿಎನ್‌ಎ, ಹಾಡು, ಮೈಯಳತೆ, ಬಣ್ಣ ಎಲ್ಲ ಹೋಲಿಸಿ ನೋಡಿ 2017ರಲ್ಲಿ ಇದನ್ನು ಬೇರೆ ಜಾತಿ ಎಂದು ಪ್ರಕಟಿಸಿದರು.

ಹಳೆಯ ಪುಸ್ತಕಗಳಲ್ಲಿ ಶೋಲಾಕಿಳಿ ಅಂತ ಹೆಸರೇ ಇಲ್ಲವಲ್ಲ?

ಇಲ್ಲ, ಯಾಕೆಂದರೆ ಇದು ಯಾವ ಬಳಗಕ್ಕೆ ಸೇರಿದ್ದು ಅಂತ ತುಂಬಾ ವರ್ಷ ಗೊಂದಲ ಇತ್ತು. ಮೊದಲು ಇದನ್ನು ಹಿಮಾಲಯ ಮತ್ತು ಆಗ್ನೇಯ ಏಷ್ಯಾದ ಶಾರ್ಟ್‌ವಿಂಗ್ ಎಂಬ ಹಕ್ಕಿಗಳ ಜೊತೆ ಇಟ್ಟಿದ್ದರು. ಆಮೇಲೆ ಬ್ಲೂ ರಾಬಿನ್ ಅಂದರು. ಹಾಗಾಗಿ ವೈಟ್-ಬೆಲ್ಲೀಡ್ ಶಾರ್ಟ್‌ವಿಂಗ್, ನೀಲಗಿರಿ ಬ್ಲೂ ರಾಬಿನ್ ಅಂತ ಎಲ್ಲಾದರೂ ಓದಿದರೆ ಇದೇ ಹಕ್ಕಿಗಳ ಮಾತು. ಡಿಎನ್‌ಎ ನೋಡಿದಾಗ ಇವು ಎರಡೂ ಅಲ್ಲ, ನೀಲಿ ನೊಣಹಿಡುಕಗಳಿಗೆ ಹತ್ತಿರದ ನೆಂಟರು ಅಂತ ಗೊತ್ತಾಯಿತು. ಕೊಂಬೆಯ ಮೇಲೆ ಕೂತು ಗಾಳಿಯಲ್ಲಿ ನೊಣ ಹಿಡಿಯುವವರ ವಂಶದಲ್ಲಿ ಒಂದು ಶಾಖೆ ನೆಲಕ್ಕಿಳಿದು ಹೀಗಾಯಿತು. ಅದೇ 2017ರಲ್ಲಿ ಇವಕ್ಕೆ ಶೋಲಿಕೋಲಾ ಎಂಬ ಹೊಸ ಕುಲವನ್ನೇ ಮಾಡಿದರು. ಇದೇ ಕಾಡಿನ ನಗೆಮಲ್ಲ (ಲಾಫಿಂಗ್‌ಥ್ರಶ್) ಹಕ್ಕಿಗಳಿಗೂ ಆಗಲೇ ಮಾಂಟೆಸಿಂಕ್ಲಾ ಎಂಬ ಬೇರೆ ಕುಲ ಆಯಿತು. ಅವೂ ಇದೇ ಕಣಿವೆಗಳಿಂದ ಬೇರೆಯಾದವು.

ಇಷ್ಟು ನಾಚಿಕೆ ಯಾಕೆ?

ನಾಚಿಕೆ ಅನ್ನುವುದು ನಮ್ಮ ಮಾತು. ಹಕ್ಕಿಯ ಕಡೆಯಿಂದ ನೋಡಿ. ಅದು ತಿನ್ನುವುದು ನೆಲದಲ್ಲಿ, ಮಬ್ಬಿನಲ್ಲಿ. ಗಿಡ್ಡ ರೆಕ್ಕೆ ಪೊದೆಯೊಳಗೆ ಸರಕ್ಕನೆ ತಿರುಗಲು ಚೆನ್ನ, ಬಯಲಲ್ಲಿ ದೂರ ಹಾರಿ ತಪ್ಪಿಸಿಕೊಳ್ಳಲು ಅಲ್ಲ. ಹಾಗಿರುವಾಗ ಬೆಳಕಿಗೆ ಬಂದರೆ ಅಪಾಯ, ಪೊದೆ ಬಿಟ್ಟರೆ ಅಪಾಯ. ಸದ್ದು ಕೇಳಿದರೆ ಹಾರುವ ಬದಲು ಪೊದೆಯ ಆಚೆ ಬದಿಗೆ ಕುಪ್ಪಳಿಸಿ ಹೋಗುತ್ತದೆ. ನಾವು ಸುಮ್ನೆ ನಿಂತರೆ ಎಷ್ಟೋ ಸಲ ಮತ್ತೆ ಈಚೆ ಬರುತ್ತದೆ.

ಏನು ತಿನ್ನುತ್ತದೆ?

ಮುಖ್ಯವಾಗಿ ಹುಳು ಹುಪ್ಪಟೆ. ತರಗೆಲೆ ನಡುವೆ, ಪಾಚಿ ಹಿಡಿದ ಬಿದ್ದ ಮರದ ಮೇಲೆ, ತೊರೆಯ ಅಂಚಲ್ಲಿ ಹೆಕ್ಕುತ್ತದೆ. ಒಮ್ಮೊಮ್ಮೆ ಚಿಕ್ಕ ಹಣ್ಣು.

ಹಾಡುತ್ತದೆಯಾ?

ಹಾಡುತ್ತದೆ, ಅದೂ ಮೈಗಾತ್ರಕ್ಕೆ ಮೀರಿ. ತೆಳುವಾದ ಸಿಳ್ಳೆಗಳು, ನಡುನಡುವೆ ಜರ್ರ್ ಎಂದು ಎಳೆಯುವ ಸ್ವರ, ಮತ್ತೆ ಸಿಳ್ಳೆ, ಹೀಗೆ ಉದ್ದಕ್ಕೆ ಹೋಗುತ್ತದೆ. ಬೆಳಗಿನ ಜಾವ ಮತ್ತು ಸಂಜೆ ಜಾಸ್ತಿ. ಮಳೆಗಾಲಕ್ಕೆ ಮುಂಚಿನ ತಿಂಗಳುಗಳು, ಅಂದರೆ ಮರಿ ಮಾಡುವ ಕಾಲ, ಕೇಳಲು ಒಳ್ಳೆಯ ಹೊತ್ತು. ಮರದ ತುದಿಯಲ್ಲಿ ಹುಡುಕಬೇಡಿ. ಹಾಡುವುದೂ ಪೊದೆಯೊಳಗಿನ ತಗ್ಗು ಕೊಂಬೆಯಿಂದಲೇ.

ಒಂದು ಬೆಟ್ಟದ ಹಾಡಿಗೂ ಇನ್ನೊಂದು ಬೆಟ್ಟದ ಹಾಡಿಗೂ ವ್ಯತ್ಯಾಸ ಇದೆ ಅಂತ ರಾಬಿನ್ ಮತ್ತು ಜೊತೆಗಾರರು 2011ರಲ್ಲೇ ತೋರಿಸಿದ್ದರು. ಮರಿಗಳು ಹಾಡು ಕಲಿಯುವುದು ಸುತ್ತಲಿನ ದೊಡ್ಡವರನ್ನು ಕೇಳಿ. ನಡುವೆ ಕಣಿವೆ ಇದ್ದು ಆಚೆಯ ಹಾಡು ಕಿವಿಗೇ ಬೀಳದಿದ್ದರೆ ಎರಡೂ ಕಡೆಯ ಹಾಡು ನಿಧಾನಕ್ಕೆ ಬೇರೆ ದಾರಿ ಹಿಡಿಯುತ್ತದೆ. ನಮ್ಮಲ್ಲೂ ಘಟ್ಟದ ಮೇಲಿನ ಕನ್ನಡ, ಕೆಳಗಿನ ಕನ್ನಡ ಬೇರೆ ಆದದ್ದು ಹೀಗೇ ಅಲ್ವಾ.

ಒಂದು ಎಚ್ಚರಿಕೆ. ಇದೇ ಬೆಟ್ಟಗಳಲ್ಲಿ ತೊರೆಯ ಹತ್ತಿರ ಮನುಷ್ಯರು ಸಿಳ್ಳೆ ಹೊಡೆದ ಹಾಗೆ ಜೋರಾಗಿ ಕೇಳಿಸುವುದು ಸರಳೆ ಸಿಳ್ಳಾರ. ಅದು ದೊಡ್ಡ ಹಕ್ಕಿ, ಅದೂ ನೀಲಿ. ಹೊಸಬರು ಬಹಳ ಸಲ ಅದನ್ನು ಕೇಳಿ ಶೋಲಾಕಿಳಿ ಅಂದುಕೊಳ್ಳುತ್ತಾರೆ.

ಗೂಡು ಎಲ್ಲಿ ಕಟ್ಟುತ್ತದೆ?

ಮಣ್ಣಿನ ದಿಣ್ಣೆಯ ಪೊಟರೆಯಲ್ಲಿ ಅಥವಾ ಮರದ ಪೊಟರೆಯಲ್ಲಿ, ನೆಲದಿಂದ ಹೆಚ್ಚು ಮೇಲಲ್ಲ. ಒಳಗೆ ಪಾಚಿ, ತೆಳು ಬೇರುಗಳ ಹಾಸು. ಏಪ್ರಿಲ್‌ನಿಂದ ಜೂನ್ ಸುಮಾರಿಗೆ ಮರಿ ಮಾಡುತ್ತದೆ. ಮೊಟ್ಟೆ ಸಾಮಾನ್ಯವಾಗಿ ಎರಡು. ಮರಿಗೆ ಗುಟುಕು ಕೊಡುವ ಕೆಲಸ ಅಪ್ಪ ಅಮ್ಮ ಇಬ್ಬರದೂ. ಕಾಡಿನೊಳಗಿನ ಕಾಲುದಾರಿ ಅಗೆದಾಗ ಪಕ್ಕದಲ್ಲಿ ಉಳಿಯುವ ಮಣ್ಣಿನ ಗೋಡೆ ನೋಡಿದ್ದೀರಲ್ಲ, ಅಂಥ ಜಾಗವೂ ಗೂಡಿಗೆ ಆಗುತ್ತದೆ. ಚಾರಣದಲ್ಲಿ ಆ ಗೋಡೆಯ ಸಂದುಗಳಿಗೆ ಕೋಲು ಹಾಕಿ ಕೆದಕುವವರನ್ನು ದಯವಿಟ್ಟು ತಡೆಯಿರಿ.

ವಲಸೆ ಹೋಗುತ್ತದೆಯಾ?

ಇಲ್ಲ. ವರ್ಷ ಪೂರ್ತಿ ತನ್ನ ಕಾಡಿನಲ್ಲೇ ಇರುತ್ತದೆ, ತನ್ನ ಜಾಗಕ್ಕೆ ಬೇರೆಯವರು ಬಂದರೆ ಬಿಡುವುದಿಲ್ಲ.

ಅಳಿವಿನ ಅಪಾಯ ಇದೆಯಾ?

ಇದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ನೀಲಗಿರಿ ಶೋಲಾಕಿಳಿ ಅಳಿವಿನಂಚಿನ ಗುಂಪಿನಲ್ಲಿದೆ. ಬಿಳಿಹೊಟ್ಟೆಯದು ಅದಕ್ಕಿಂತ ಒಂದು ಹಂತ ಕೆಳಗಿನ, ಅಪಾಯಕ್ಕೆ ಒಳಗಾಗಬಹುದಾದ ಗುಂಪಿನಲ್ಲಿದೆ.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿಯಬೇಕು. ಒಳ್ಳೆಯ ಶೋಲಾಕ್ಕೆ ಹೋದರೆ ಈ ಹಕ್ಕಿ ಅಪರೂಪ ಅಲ್ಲ. ಚಿಕ್ಕ ತುಂಡು ಕಾಡಿನಲ್ಲೂ ಒಂದೆರಡು ಜೋಡಿ ಇರಬಹುದು. ಅಪರೂಪ ಆಗಿರುವುದು ಶೋಲಾ. ಬೆಟ್ಟದ ನೆತ್ತಿಯ ಜಾಗ ಮೊದಲೇ ಕಡಿಮೆ. ಅದರಲ್ಲಿ ಚಹಾ ತೋಟ, ಅಣೆಕಟ್ಟು, ರಸ್ತೆ, ರೆಸಾರ್ಟು, ನೆಡುತೋಪು ಬಂದವು. ಉಳಿದ ಕಾಡು ತುಂಡು ತುಂಡಾಯಿತು. ಪ್ರಕೃತಿ ಮಾಡಿದ ಕಣಿವೆಗಳು ಸಾಲದು ಅಂತ ನಾವು ಹೊಸ ಕಣಿವೆಗಳನ್ನು ಮಾಡಿದ್ದೇವೆ. ಒಂದು ತುಂಡಿನ ಹಕ್ಕಿ ಇನ್ನೊಂದಕ್ಕೆ ಹೋಗಲಾರದಿದ್ದರೆ, ಒಂದು ಕಾಳ್ಗಿಚ್ಚು ಬಂದು ಆ ತುಂಡು ಖಾಲಿಯಾದಾಗ ತುಂಬಲು ಯಾರೂ ಬರುವುದಿಲ್ಲ.

ಬೋಳುಗುಡ್ಡದಲ್ಲಿ ಗಿಡ ನೆಟ್ಟರೆ ಈ ಹಕ್ಕಿಗೆ ಒಳ್ಳೆಯದಲ್ವಾ?

ಅಲ್ಲ. ಒಳ್ಳೆಯ ಮನಸ್ಸಿನಿಂದ ಕೇಳುವ ಪ್ರಶ್ನೆ ಇದು, ಆದರೆ ಅತಿ ಹೆಚ್ಚು ಹಾನಿ ಆದದ್ದೂ ಇದೇ ಯೋಚನೆಯಿಂದ.

ಆ ಗುಡ್ಡ ಬೋಳಲ್ಲ. ಅದು ಹುಲ್ಲುಗಾವಲು, ಶೋಲಾದಷ್ಟೇ ಹಳೆಯ ಜೀವಲೋಕ. ನೀಲಗಿರಿಯ ಜೌಗು ಮಣ್ಣಿನ ಪದರಗಳನ್ನು ರಾಮನ್ ಸುಕುಮಾರ್ ಮತ್ತು ಜೊತೆಗಾರರು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ಸುಮಾರು 20,000 ವರ್ಷಗಳ ಹಿಂದೆಯೂ ಅಲ್ಲಿ ಹುಲ್ಲು ಇತ್ತು ಅಂತ ಅದರಿಂದ ಗೊತ್ತಾಗುತ್ತದೆ. ಯಾರೋ ಕಾಡು ಕಡಿದದ್ದರಿಂದ ಆದ ಬಯಲಲ್ಲ ಅದು. ನೀಲಗಿರಿಯ ಎತ್ತರದಲ್ಲಿ ಚಳಿಗಾಲದ ರಾತ್ರಿ ಹುಲ್ಲಿನ ಮೇಲೆ ಹಿಮ ಕಟ್ಟುತ್ತದೆ, ಶೋಲಾ ಮರದ ಎಳೆ ಸಸಿ ಅಲ್ಲಿ ಕರಟುತ್ತದೆ. ಅದಕ್ಕೇ ಕಾಡು ಮಡಿಕೆಯಲ್ಲಿ, ಹುಲ್ಲು ಬೆನ್ನಿನ ಮೇಲೆ.

ಬ್ರಿಟಿಷರ ಕಾಲದಿಂದ ಈ ಹುಲ್ಲನ್ನು ಪಾಳು ಜಮೀನು ಅಂತ ಲೆಕ್ಕ ಹಾಕಿ, ಆಸ್ಟ್ರೇಲಿಯಾದಿಂದ ತಂದ ವಾಟಲ್ ಮತ್ತು ನೀಲಗಿರಿ ಮರ, ಜೊತೆಗೆ ಪೈನ್ ನೆಟ್ಟರು. ಸ್ವಾತಂತ್ರ್ಯದ ನಂತರವೂ ಕಾರ್ಖಾನೆಗಳಿಗೆ ಬೇಕು ಅಂತ ಇದು ಮುಂದುವರಿಯಿತು. ವಾಟಲ್ ನೆಟ್ಟಲ್ಲಿ ನಿಲ್ಲಲಿಲ್ಲ, ತಾನೇ ಬೀಜ ಬಿದ್ದು ಹರಡಿತು. ಪಳನಿ ಬೆಟ್ಟದಲ್ಲಿ 1973ರಿಂದ 2014ರ ನಡುವೆ ಹುಲ್ಲುಗಾವಲಿನ ಮೂರರಲ್ಲಿ ಎರಡು ಪಾಲು ಹೋಯಿತು ಅಂತ ಉಪಗ್ರಹ ಚಿತ್ರಗಳ ಅಧ್ಯಯನ ತೋರಿಸಿದೆ.

ಹಕ್ಕಿ ಕಾಡಿನೊಳಗೆ ತಾನೇ ಇರುವುದು, ಹುಲ್ಲು ಹೋದರೆ ಅದಕ್ಕೇನು ಅನ್ನಬಹುದು. ನೀರು ಕಾರಣ. ಬೆನ್ನಿನ ಮೇಲಿನ ಹುಲ್ಲು ಮಳೆ, ಮಂಜು ಹೀರಿ ಮಣ್ಣಿಗೆ ಕೊಡುತ್ತದೆ, ಮಣ್ಣು ಅದನ್ನು ನಿಧಾನವಾಗಿ ಮಡಿಕೆಯ ತೊರೆಗೆ ಬಿಡುತ್ತದೆ. ಆ ತೊರೆಯ ತೇವದಲ್ಲೇ ಶೋಲಾದ ನೆಲ ಬೇಸಿಗೆಯಲ್ಲೂ ಒದ್ದೆ ಇರುವುದು, ತರಗೆಲೆಯಡಿ ಹುಳು ಇರುವುದು. ಬ್ರಹ್ಮಗಿರಿಯ ತಪ್ಪಲಲ್ಲಿ ಕಾವೇರಿ, ಬಾಬಾಬುಡನ್ ಸಾಲಿನಲ್ಲಿ ವೇದಾವತಿ ಹುಟ್ಟುವುದೂ ಇಂಥ ನೆಲದಲ್ಲೇ. ಆದ್ದರಿಂದ ಬೆಟ್ಟದ ಮೇಲೆ ಬೀಜದುಂಡೆ ಎಸೆಯುವ ಕಾರ್ಯಕ್ರಮಕ್ಕೆ ಕರೆ ಬಂದರೆ, ಮೊದಲು ಅದು ಹುಲ್ಲುಗಾವಲಾ ಅಂತ ಕೇಳಿ. ಹೌದಾದರೆ ಹೋಗಬೇಡಿ, ಕರೆದವರಿಗೂ ವಿಷಯ ತಿಳಿಸಿ.

ಹಾಗಾದರೆ ವಾಟಲ್ ಎಲ್ಲ ಕಡಿದುಬಿಟ್ಟರೆ ಸರಿಹೋಗುತ್ತದಾ?

ಅಷ್ಟು ಸುಲಭ ಇಲ್ಲ. ಒಮ್ಮೆಲೇ ಕಡಿದರೆ ಬೆಳಕು ಬಿದ್ದ ನೆಲದಲ್ಲಿ ಮಣ್ಣಲ್ಲಿದ್ದ ವಾಟಲ್ ಬೀಜ ಸಾವಿರಗಟ್ಟಲೆ ಮೊಳೆಯುತ್ತದೆ. ಹಳೆಯ ನೆಡುತೋಪುಗಳ ನೆರಳಲ್ಲಿ ಕೆಲವು ಕಡೆ ಶೋಲಾ ಗಿಡಗಳು ತಾವಾಗಿ ಬೆಳೆಯುತ್ತಿವೆ. ಅಂಥಲ್ಲಿ ಕೊಡಲಿ ಹಾಕುವುದು ತಪ್ಪು. ಹುಲ್ಲಿಗೆ ಈಗತಾನೇ ನುಗ್ಗುತ್ತಿರುವ ಎಳೆ ವಾಟಲ್ ಕೀಳುವುದು ಮೊದಲ ಕೆಲಸ ಆಗಬೇಕು ಅನ್ನುವುದು ನನ್ನ ಅಭಿಪ್ರಾಯ. ಉಳಿದ ಹುಲ್ಲಾದರೂ ಉಳಿಯುತ್ತದೆ.

ಭೂಮಿ ಬಿಸಿಯಾಗುತ್ತಿರುವುದರಿಂದ ಏನಾಗುತ್ತದೆ?

ಕೆಳಗಿನ ಕಾಡಿನ ಹಕ್ಕಿಗೆ ಸೆಕೆ ಜಾಸ್ತಿಯಾದರೆ ಮೇಲಕ್ಕೆ ಸರಿಯಲು ಜಾಗ ಇದೆ. ಶೋಲಾಕಿಳಿ ಈಗಾಗಲೇ ಮೇಲೇ ಇದೆ. ಕರ್ನಾಟಕದ ಹಕ್ಕಿಗಳಿಗೆ ಈ ಚಿಂತೆ ಹೆಚ್ಚು. ನೀಲಗಿರಿಯ ದೊಡ್ಡಬೆಟ್ಟ 2637 ಮೀಟರ್ ಎತ್ತರ. ನಮ್ಮಲ್ಲಿ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1930 ಮೀಟರ್. ಅಲ್ಲಿಂದ ಮೇಲೆ ಆಕಾಶ ಅಷ್ಟೇ.

ನೋಡಲೇಬೇಕು ಅಂತಿದೆ. ಹೇಗೆ ಹೋಗಲಿ?

ಚಿಕ್ಕ ಗುಂಪಿನಲ್ಲಿ ಹೋಗಿ. ಬ್ರಹ್ಮಗಿರಿ ವನ್ಯಜೀವಿ ಧಾಮ, ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಬೇರೆ ಕಡೆಯೂ ಮೊದಲೇ ವಿಚಾರಿಸಿ. ಬೆಳಕು ಹರಿಯುವ ಹೊತ್ತಿಗೆ ಶೋಲಾ ಅಂಚಿನ ದಾರಿಯಲ್ಲಿರಿ. ಮಾಸಿದ ಬಣ್ಣದ ಬಟ್ಟೆ ಹಾಕಿ. ಮಳೆಗಾಲದ ಆಸುಪಾಸಲ್ಲಿ ಇಂಬಳ ಇರುತ್ತವೆ, ಉದ್ದ ಕಾಲುಚೀಲ ಇರಲಿ.

ನಡೆಯುತ್ತಾ ಹುಡುಕಿದರೆ ಸಿಗುವುದು ಕಷ್ಟ. ದಾರಿಗೆ ತೊರೆ ಅಡ್ಡ ಬರುವ ಕಡೆ, ತರಗೆಲೆ ದಪ್ಪಗೆ ಬಿದ್ದಿರುವ ಕಡೆ ಒಂದು ಜಾಗ ಆರಿಸಿ ಕೂತುಬಿಡಿ. ಕಣ್ಣು ಮೊಣಕಾಲಿನ ಎತ್ತರಕ್ಕಿಂತ ಕೆಳಗಿರಲಿ. ಮಾತು ಬೇಡ, ತಿಂಡಿ ಪೊಟ್ಟಣದ ಸದ್ದೂ ಬೇಡ. ದಾರಿ ಬಿಟ್ಟು ಒಳಗೆ ನುಗ್ಗಬೇಡಿ. ನೆಲದ ಹಕ್ಕಿಯ ಕಾಡಿನಲ್ಲಿ ನೀವು ತುಳಿಯುವುದು ಅದರ ಊಟದ ಜಾಗವನ್ನೇ.

2022ರಲ್ಲಿ ಚಂದ್ರದ್ರೋಣ ಬೆಟ್ಟಸಾಲಿನಲ್ಲಿ, ಅಂದರೆ ಇದೇ ಬಾಬಾಬುಡನ್ ಸಾಲಿನಲ್ಲಿ, ಕುರಿಂಜಿ ಅರಳಿದಾಗ ಎಷ್ಟು ಜನ ಮುಗಿಬಿದ್ದರು ಅಂತ ನೆನಪಿರಬಹುದು. ಅಂಥ ಜನಜಂಗುಳಿಯ ದಿನಗಳಲ್ಲಿ, ವಾರಾಂತ್ಯಗಳಲ್ಲಿ ಹೋಗದಿರುವುದೇ ಒಳ್ಳೆಯದು.

ಫೋನಿನಲ್ಲಿ ಅದರ ಹಾಡು ಹಾಕಿ ಹತ್ತಿರ ಕರೆಯಬಹುದಾ?

ಬೇಡ. ತನ್ನ ಜಾಗ ಕಾಯುವ ಹಕ್ಕಿಗೆ ಆ ಸದ್ದು ಬೇರೊಬ್ಬ ಎದುರಾಳಿ ಬಂದ ಹಾಗೆ. ಊಟ ಬಿಟ್ಟು, ಮರಿ ಬಿಟ್ಟು ಅದು ಇಲ್ಲದ ಎದುರಾಳಿಯನ್ನು ಹುಡುಕುತ್ತದೆ. ಒಬ್ಬರು ಒಮ್ಮೆ ಹಾಕಿದರೆ ಏನಾಗುತ್ತದೆ ಅನ್ನುತ್ತಾರೆ. ಹೆಸರಾದ ಜಾಗಕ್ಕೆ ದಿನಾ ಒಬ್ಬರಲ್ಲ ಒಬ್ಬರು ಬರುತ್ತಾರೆ. ಆ ಹಕ್ಕಿಗೆ ಮಾತ್ರ ಅದು ದಿನಾ ಜಗಳ.

ಫೋಟೊ ತೆಗೆಯುವವರಿಗೆ ಏನು ಹೇಳುತ್ತೀರಿ?

ಫ್ಲ್ಯಾಶ್ ಬೇಡ. ಮಬ್ಬು ಬೆಳಕಿನಲ್ಲಿ ಸಿಕ್ಕಷ್ಟೇ ಚಿತ್ರ ಸಾಕು, ಅದೇ ಆ ಕಾಡಿನ ನಿಜವಾದ ಬೆಳಕು. ಹುಳು ಹಾಕಿ ಕರೆಯುವುದು, ಅಡ್ಡ ಬಂದ ಜರಿಗಿಡ ಮುರಿಯುವುದು ಬೇಡ. ಗೂಡಿನ ಫೋಟೊ ತೆಗೆಯಲೇಬೇಡಿ, ಬೇರೆಯವರು ತೆಗೆದದ್ದನ್ನು ಹಂಚಲೂ ಬೇಡಿ.

ಪಂಜರದಲ್ಲಿ ಸಾಕಬಹುದಾ?

ಇಲ್ಲ. ಕಾಡುಹಕ್ಕಿ ಹಿಡಿಯುವುದು, ಸಾಕುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ.

ಶೋಲಾಕಿಳಿ ಕಂಡರೆ ಅಥವಾ ಕೇಳಿಸಿದರೆ ಯಾರಿಗೆ ತಿಳಿಸಲಿ?

ಹಕ್ಕಿ ನೋಡಿದ ಲೆಕ್ಕ ಬರೆದಿಡುವ ಇ-ಬರ್ಡ್ ಜಾಲತಾಣದಲ್ಲಿ ದಾಖಲಿಸಿ. ದಿನಾಂಕ, ಹೊತ್ತು, ಜಾಗ, ಎಷ್ಟು ಹಕ್ಕಿ, ಕಂಡದ್ದಾ ಕೇಳಿದ್ದಾ, ಇಷ್ಟು ಬರೆದರೆ ಸಾಕು. ಕೇಳಿದ್ದು ಮಾತ್ರ ಆದರೂ ಬೆಲೆ ಇದೆ. ಫೋನಿನಲ್ಲಿ ಹಾಡು ರೆಕಾರ್ಡ್ ಮಾಡಿದ್ದರೆ ಅದನ್ನೂ ಸೇರಿಸಿ, ಒಂದೊಂದು ಬೆಟ್ಟದ ಹಾಡೂ ಬೇರೆ ಅಂತ ಮೇಲೆ ಹೇಳಿದೆನಲ್ಲ. ಹೋದ ಶೋಲಾದಲ್ಲಿ ಹಕ್ಕಿ ಸಿಗದಿದ್ದರೂ ಆ ದಿನ ಕಂಡ ಬೇರೆ ಎಲ್ಲ ಹಕ್ಕಿಗಳ ಪೂರ್ತಿ ಪಟ್ಟಿ ಹಾಕಿ. ಯಾವ ತುಂಡಿನಲ್ಲಿ ಈಗ ಶೋಲಾಕಿಳಿ ಇಲ್ಲ ಅನ್ನುವುದು ಅಂಥ ಪಟ್ಟಿಗಳಿಂದಲೇ ತಿಳಿಯುವುದು. ಹುಲ್ಲುಗಾವಲಲ್ಲಿ ಹೊಸದಾಗಿ ಗುಂಡಿ ತೋಡಿ ಗಿಡ ನೆಡುತ್ತಿರುವುದೋ, ಶೋಲಾ ಅಂಚಿಗೆ ಬೆಂಕಿ ಬಿದ್ದಿರುವುದೋ ಕಂಡರೆ ಫೋಟೊ ತೆಗೆದು ಆ ವಲಯದ ಅರಣ್ಯಾಧಿಕಾರಿಗೆ ಅವತ್ತೇ ತಿಳಿಸಿ.